ಪೆನ್ಸಿಲ್ವೇನಿಯಾದ ಮಿಲಿಷಿಯಾದಲ್ಲಿದ್ದ ಹಿರಿಯರ ಜಾಡು ಹಿಡಿಯುವುದು ಹೇಗೆ? ಗೊತ್ತಿದ್ದವರು ಹೇಳಿ

ಲೆಬನಾನ್_ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಮದುವೆಯಾಗಿ ಬಂದಿದ್ದು ಪೆನ್ಸಿಲ್ವೇನಿಯಾದ ಲೆಬನಾನ್ ಕೌಂಟಿಗೆ. ಯಜಮಾನರ ಮನೆಯವರು ಜರ್ಮನ್ ಮೂಲದವರು. ಅತ್ತೆಯ ತವರಿನ ಕಡೆ ಹಿರಿಯರೊಬ್ಬರು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಮಿಲಿಷಿಯಾದಲ್ಲಿ, ಅಂದರೆ ಊರಿನ ಜನರೇ ಸೇರಿದ ನಾಗರಿಕ ಪಡೆಯಲ್ಲಿ ಇದ್ದರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲಿ ಹೋರಾಡಿದರು, ಹೆಂಡತಿ ಯಾರು, ಮಕ್ಕಳು ಎಷ್ಟು ಅಂತ ಕೇಳಿದರೆ ಮಾತ್ರ ಯಾರ ಹತ್ತಿರವೂ ಉತ್ತರ ಇಲ್ಲ.

ಲೂಥರನ್ ಚರ್ಚಿನ ಹಿಂದೆ ಅವರ ಸಮಾಧಿ ಇದೆ. ಕೆಂಪು ಮರಳುಗಲ್ಲು, ಮೇಲಿನ ಅರ್ಧ ಸವೆದು ಹೋಗಿದೆ, ಜರ್ಮನ್ ಅಕ್ಷರಗಳು ಬೆರಳಿಟ್ಟು ತಡವಿದರೆ ಮಾತ್ರ ತಿಳಿಯುತ್ತವೆ. ತೀರಿಕೊಂಡಿದ್ದು 1809 ಅಂತ ಓದಬಹುದು. ಪಕ್ಕದಲ್ಲಿ ಯಾರೋ ಕಂಚಿನ ಗುರುತು ನೆಟ್ಟಿದ್ದಾರೆ, ಅದರ ಮೇಲೆ 1775 ಅಂತಿದೆ. ಮೇ ತಿಂಗಳಲ್ಲಿ ಅದಕ್ಕೆ ಬಾವುಟ ಸಿಕ್ಕಿಸುತ್ತಾರೆ. ಯಾವ ಆಧಾರದ ಮೇಲೆ ನೆಟ್ಟರು ಅಂತ ಚರ್ಚಿನವರಿಗೂ ಗೊತ್ತಿಲ್ಲ.

ನನಗೆ ಸಿಕ್ಕಿದ್ದು ಒಂದೇ ಒಂದು ಕಾರ್ಡು. ರಾಜ್ಯದ ಪತ್ರಾಗಾರದ ವೆಬ್‌ಸೈಟಿನಲ್ಲಿ ಹೆಸರು ಹೊಡೆದರೆ ಬರುತ್ತದೆ. ಟೈಪ್ ಮಾಡಿದ ಚಿಕ್ಕ ಕಾರ್ಡು, ಅದರಲ್ಲಿ ಹೆಸರು, ಲ್ಯಾಂಕಾಸ್ಟರ್ ಕೌಂಟಿ, ಬೆಟಾಲಿಯನ್ ಸಂಖ್ಯೆ, ಕ್ಯಾಪ್ಟನ್ ಹೆಸರು, 'ಕ್ಲಾಸ್ 3', ವರ್ಷ 1782. ಅಷ್ಟೇ. ಪಿಂಚಣಿ ಕಡತ ಹುಡುಕಿದೆ, ಇಲ್ಲ. ಸಾಲದ್ದಕ್ಕೆ ಅದೇ ಹೆಸರಿನವರು ಅದೇ ಕೌಂಟಿಯಲ್ಲಿ ಮೂವರು ಇದ್ದಾರೆ! ಇವರಲ್ಲಿ ನಮ್ಮವರು ಯಾರು ಅಂತ ಹೇಗೆ ತಿಳಿಯುವುದು?

ಮಗಳಿಗೆ ಈಗ 19 ವರ್ಷ. ಅಜ್ಜಿ ಇರುವಾಗಲೇ ಇದನ್ನು ಸರಿಯಾಗಿ ಬರೆದಿಡಬೇಕು ಅಂತ ಹಟ ಹಿಡಿದಿದ್ದಾಳೆ. ನನಗೂ ಅದೇ ಆಸೆ. ಮನೆತನದ ಹೆಸರು ಇಲ್ಲಿ ಹಾಕುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ.

ಹಳೇಕಾಗದ

ಅಕ್ಕ, ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ನಾನು ಹ್ಯಾರಿಸ್‌ಬರ್ಗ್ ಹತ್ತಿರ ಇರುವವನು, ವಾರಕ್ಕೊಂದು ದಿನ ಇಲ್ಲಿನ ಒಂದು ಸ್ಥಳೀಯ ಇತಿಹಾಸ ಸಂಘದಲ್ಲಿ ಹಳೆ ಕಾಗದ ಜೋಡಿಸುವ ಕೆಲಸ ಮಾಡುತ್ತೇನೆ. ನಿಮ್ಮ ಕೈಯಲ್ಲಿರುವ ಆ ಕಾರ್ಡಿನಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ವಿಷಯ ಇದೆ.

ಮೊದಲು ಒಂದು ಮಾತು. ಜಾರ್ಜ್ ವಾಷಿಂಗ್ಟನ್ ಕೈಕೆಳಗಿದ್ದ ಕಾಂಟಿನೆಂಟಲ್ ಸೈನ್ಯವೇ ಬೇರೆ, ಮಿಲಿಷಿಯಾನೇ ಬೇರೆ. ಸೈನ್ಯಕ್ಕೆ ಸೇರಿದವರು ವರ್ಷಗಟ್ಟಲೆ ಮನೆ ಬಿಟ್ಟು ಇರುತ್ತಿದ್ದರು. ಮಿಲಿಷಿಯಾ ಹಾಗಲ್ಲ. ಪೆನ್ಸಿಲ್ವೇನಿಯಾ 1777ರ ಮಾರ್ಚ್ 17ರಂದು ಕಾನೂನು ಮಾಡಿತು. 18ರಿಂದ 53 ವರ್ಷದೊಳಗಿನ ಬಿಳಿಯ ಗಂಡಸರೆಲ್ಲ ಹೆಸರು ಬರೆಸಲೇಬೇಕು. ಪ್ರತಿ ಕಂಪನಿಯನ್ನು ಚೀಟಿ ಎತ್ತಿ 8 ಕ್ಲಾಸ್ ಆಗಿ ಹಂಚುತ್ತಿದ್ದರು. ಕರೆ ಬಂದಾಗ ಇಡೀ ಊರು ಎದ್ದು ಹೋಗುತ್ತಿರಲಿಲ್ಲ. ಈ ಸಲ ಒಂದನೇ ಕ್ಲಾಸು, ಮುಂದಿನ ಸಲ ಎರಡನೇ ಕ್ಲಾಸು, ಹೀಗೆ ಸರದಿ. ಹೋದವರು ಎರಡು ತಿಂಗಳು ಇದ್ದು ವಾಪಸ್ ಬಂದು ಉಳುಮೆ ನೋಡಿಕೊಳ್ಳುತ್ತಿದ್ದರು. ಹೀಗೆ ಮಾಡಿದ್ದರಿಂದ ಹೊಲಗದ್ದೆ ಪಾಳು ಬೀಳಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಕ್ಲಾಸಿನಲ್ಲಿ ಕಾಣಿಸುವುದೂ ಇದರಿಂದಲೇ.

ಹಾಗಾಗಿ 'ಕ್ಲಾಸ್ 3' ಅಂತ ಇದ್ದ ಮಾತ್ರಕ್ಕೆ ಯುದ್ಧಕ್ಕೆ ಹೋದರು ಅಂತ ಅರ್ಥ ಅಲ್ಲ. ಅವರ ಸರದಿ ಬಂದರೆ ಹೋಗಬೇಕಿತ್ತು, ಅಷ್ಟೇ. ಕೆಲವರು ದುಡ್ಡು ಕೊಟ್ಟು ಬದಲಿ ಆಳನ್ನು ಕಳಿಸುತ್ತಿದ್ದರು. ಕೆಲವರು ದಂಡ ಕಟ್ಟುತ್ತಿದ್ದರು, ಅದರಲ್ಲೂ ಮೆನೊನೈಟ್, ಡಂಕರ್, ಕ್ವೇಕರ್ ಪಂಥದವರು ಆಯುಧ ಹಿಡಿಯುವುದಿಲ್ಲ ಅಂತ ನಿಂತು ದಂಡ ತೆತ್ತರು. ನಿಜವಾಗಿ ಹೋದವರ ಪಟ್ಟಿ ಬೇರೆ ಇರುತ್ತದೆ, ಅದರ ತಲೆಬರಹದಲ್ಲಿ ಎಲ್ಲಿಗೆ, ಯಾವ ತಾರೀಕಿನಿಂದ ಅಂತ ಬರೆದಿರುತ್ತಾರೆ. 'ಪೆನ್ಸಿಲ್ವೇನಿಯಾ ಆರ್ಕೈವ್ಸ್' ಅನ್ನುವ ಹಳೆಯ ಮುದ್ರಿತ ಸಂಪುಟಗಳಲ್ಲಿ ಐದನೇ ಸರಣಿಯ ಏಳನೇ ಸಂಪುಟ ಪೂರ್ತಿ ಲ್ಯಾಂಕಾಸ್ಟರ್ ಮಿಲಿಷಿಯಾ ಪಟ್ಟಿಗಳೇ. 1906ರಲ್ಲಿ ಅಚ್ಚಾದದ್ದು, ಈಗ ಪುಕ್ಕಟೆ ಓದಲು ಸಿಗುತ್ತದೆ.

ಈಗ ಮುಖ್ಯ ವಿಷಯ. ಕಂಪನಿಗಳನ್ನು ಕಟ್ಟಿದ್ದು ಟೌನ್‌ಶಿಪ್ (ಕೌಂಟಿಯೊಳಗಿನ ಸಣ್ಣ ವಿಭಾಗ) ಲೆಕ್ಕದಲ್ಲಿ. ಅಂದರೆ ಆ ಕ್ಯಾಪ್ಟನ್‌ನ ಕಂಪನಿಯ ಪಟ್ಟಿ ಅಂದರೆ ಅಕ್ಕಪಕ್ಕದ ಹೊಲದವರ ಪಟ್ಟಿ. ಅದರಲ್ಲಿ ಇವರ ಭಾವ, ಬೀಗರು, ಮಕ್ಕಳಿಗೆ ಜ್ಞಾನಸ್ನಾನದಲ್ಲಿ ಸಾಕ್ಷಿ ನಿಂತವರು, ಉಯಿಲಿಗೆ ಸಹಿ ಹಾಕಿದವರು ಎಲ್ಲರೂ ಇರುತ್ತಾರೆ. ನೀವು ಒಬ್ಬರ ಹೆಸರು ಹಿಡಿದು ಹುಡುಕಿದರೆ ಮೂವರು ಸಿಕ್ಕಿ ಗೊಂದಲ ಆಗುತ್ತದೆ. ಇಡೀ ಕಂಪನಿಯನ್ನು ಹಿಡಿದು ಹುಡುಕಿ, ಆಗ ಮೂವರೂ ಬೇರೆ ಬೇರೆಯಾಗಿ ನಿಲ್ಲುತ್ತಾರೆ. ನಾನು ನೋಡಿದ ಹಾಗೆ ಎಲ್ಲರೂ ಎಡವುವುದು ಇಲ್ಲೇ. ಅಜ್ಜನ ಶೌರ್ಯ ಹುಡುಕಲು ಹೋಗುತ್ತಾರೆ, ಅಜ್ಜನ ನೆರೆಹೊರೆಯನ್ನು ನೋಡುವುದೇ ಇಲ್ಲ.

ಬಾಸ್ಟನ್_ಮಾವ

ನ್ಯೂ ಇಂಗ್ಲೆಂಡ್ ಕಡೆ ಇದು ಎಷ್ಟೋ ಸುಲಭ. ಇಲ್ಲಿ ಊರೂರಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ಪದ್ಧತಿ ಮೊದಲಿನಿಂದ ಇತ್ತು. ಯುದ್ಧ ಶುರುವಾದ ದಿನ, 1775ರ ಏಪ್ರಿಲ್ 19ರಂದು, ಲೆಕ್ಸಿಂಗ್ಟನ್ ಕರೆಗೆ ಓಡಿದವರ ಪಟ್ಟಿಗಳು ಊರಿನ ಹೆಸರಿನ ಸಮೇತ ಉಳಿದಿವೆ, ಸಂಬಳ ಕೊಡಬೇಕಿತ್ತಲ್ಲ, ಅದಕ್ಕೆ ಮೈಲಿ ಲೆಕ್ಕವನ್ನೂ ಬರೆದಿದ್ದಾರೆ. ಮ್ಯಾಸಚೂಸೆಟ್ಸ್ ಸರ್ಕಾರ ಎಲ್ಲ ಹೆಸರನ್ನೂ ಸೇರಿಸಿ 17 ಸಂಪುಟ ಅಚ್ಚು ಹಾಕಿಸಿತು. ಪೆನ್ಸಿಲ್ವೇನಿಯಾದಲ್ಲಿ ಆ ಅನುಕೂಲ ಇಲ್ಲ, ಚರ್ಚಿನ ಪುಸ್ತಕವನ್ನೇ ನಂಬಬೇಕು.

ಲೆಬನಾನ್_ಸೊಸೆ

ಹಳೇಕಾಗದ ಅವರೇ, ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಪಟ್ಟಿ ತೆಗೆದು ನೋಡಿದೆ. ನಿಜ, ನಮ್ಮ ಚರ್ಚಿನ ಸ್ಮಶಾನದಲ್ಲಿರುವ ಮನೆತನದ ಹೆಸರುಗಳೇ ಸಾಲಾಗಿ ಇವೆ, ಒಂದೊಂದು ಹೆಸರನ್ನು ಮೂರು ತರ ಬರೆದಿದ್ದಾರೆ ಅನ್ನುವುದು ಬಿಟ್ಟರೆ. ಬರೆದವನು ಇಂಗ್ಲಿಷ್ ಗುಮಾಸ್ತ, ಹೇಳಿದವರು ಜರ್ಮನ್ನರು, ಹಾಗಾಗಿ ಕಿವಿಗೆ ಕೇಳಿದಂತೆ ಬರೆದಿರಬೇಕು.

ಎರಡು ಪ್ರಶ್ನೆ. ಅವರ ಸಮಾಧಿ ಇರುವುದು ಲೆಬನಾನ್ ಕೌಂಟಿ, ಕಾರ್ಡಿನಲ್ಲಿ ಲ್ಯಾಂಕಾಸ್ಟರ್. 1790ರ ಜನಗಣತಿಯಲ್ಲಿ ಅದೇ ಹೆಸರು ಡಾಫಿನ್ ಕೌಂಟಿಯಲ್ಲಿ ಸಿಗುತ್ತಿದೆ. ಇವರು ಊರಿಂದ ಊರಿಗೆ ಹೋಗುತ್ತಿದ್ದರಾ? ಇನ್ನೊಂದು, ಪಿಂಚಣಿ ಯಾಕೆ ಇಲ್ಲ?

ಹಳೇಕಾಗದ

ಎಲ್ಲಿಗೂ ಹೋಗಿಲ್ಲ, ಅದೇ ಹೊಲದಲ್ಲೇ ಇದ್ದಾರೆ. ಕೌಂಟಿ ಬದಲಾಗಿದೆ. ಯುದ್ಧದ ಕಾಲದಲ್ಲಿ ನಿಮ್ಮ ಊರು ಲ್ಯಾಂಕಾಸ್ಟರ್‌ನಲ್ಲಿತ್ತು. 1785ರಲ್ಲಿ ಅದರಿಂದ ಡಾಫಿನ್ ಬೇರೆಯಾಯಿತು. 1813ರಲ್ಲಿ ಡಾಫಿನ್‌ನದೂ ಲ್ಯಾಂಕಾಸ್ಟರ್‌ನದೂ ಒಂದೊಂದು ಭಾಗ ಸೇರಿಸಿ ಲೆಬನಾನ್ ಮಾಡಿದರು. ಹಾಗಾಗಿ 1785ರ ಹಿಂದಿನ ದಸ್ತಾವೇಜಿಗೆ ಲ್ಯಾಂಕಾಸ್ಟರ್ ಕೋರ್ಟಿಗೆ ಹೋಗಿ. 1809ರಲ್ಲಿ ತೀರಿಕೊಂಡವರ ಉಯಿಲು ಲೆಬನಾನ್‌ನಲ್ಲಿ ಸಿಗುವುದಿಲ್ಲ, ಹ್ಯಾರಿಸ್‌ಬರ್ಗ್‌ನಲ್ಲಿ ಡಾಫಿನ್ ಕೋರ್ಟಿನಲ್ಲಿ ಕೇಳಬೇಕು. ನಿಮ್ಮ ಟೌನ್‌ಶಿಪ್ ಗಡಿಯ ಯಾವ ಕಡೆ ಇತ್ತು ಅಂತ ಒಮ್ಮೆ ನಕ್ಷೆಯಲ್ಲಿ ನೋಡಿಕೊಳ್ಳಿ.

ಪಿಂಚಣಿ ವಿಷಯ. 1818ರ ಕಾನೂನು ಕಾಂಟಿನೆಂಟಲ್ ಸೈನ್ಯದಲ್ಲಿದ್ದ ಬಡವರಿಗೆ ಮಾತ್ರ. ಮಿಲಿಷಿಯಾದವರಿಗೆ ದಾರಿ ತೆರೆದದ್ದು 1832ರ ಜೂನ್ 7ರ ಕಾನೂನು, ಅದಕ್ಕೂ ಒಟ್ಟು 6 ತಿಂಗಳಾದರೂ ಸೇವೆ ಆಗಿರಬೇಕು. ನಿಮ್ಮವರು 1809ಕ್ಕೇ ಹೋದರು. ವಿಧವೆಯರಿಗೆ ದೊಡ್ಡದಾಗಿ ಅವಕಾಶ ಸಿಕ್ಕಿದ್ದು 1836ರಲ್ಲಿ, ಆಮೇಲೆ 1838ರಲ್ಲಿ. ಅಷ್ಟು ಹೊತ್ತಿಗೆ ಆ ಅಜ್ಜಿಯೂ ಇರಲಿಲ್ಲವೇನೋ. ಕಡತ ಇಲ್ಲ ಅಂದರೆ ಸೇವೆ ಮಾಡಿಲ್ಲ ಅಂತ ಅಲ್ಲ, ಅಷ್ಟು ದಿನ ಬದುಕಿರಲಿಲ್ಲ ಅಂತ. ಅದರ ಜೊತೆಗೆ 1800ರ ನವೆಂಬರ್‌ನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ರಾಶಿ ರಾಶಿ ಕಾಗದ ಸುಟ್ಟಿದೆ.

ಮೂವರನ್ನು ಬೇರೆ ಮಾಡಲು ತೆರಿಗೆ ಪಟ್ಟಿ ಹಿಡಿಯಿರಿ, ಮೂರನೇ ಸರಣಿಯ 17ನೇ ಸಂಪುಟದಲ್ಲಿ ಲ್ಯಾಂಕಾಸ್ಟರ್‌ನದು 1771ರಿಂದ 1782ರ ತನಕ ಇದೆ. ಎಕರೆ, ಕುದುರೆ, ದನ ಎಲ್ಲ ಬರೆದಿದ್ದಾರೆ. ಮದುವೆಯಾಗದ ಗಂಡಸರನ್ನು 'ಫ್ರೀಮನ್' ಅಂತ ಕೊನೆಯಲ್ಲಿ ಬೇರೆಯಾಗಿ ಪಟ್ಟಿ ಮಾಡುತ್ತಿದ್ದರು. ಒಬ್ಬರ ಹೆಸರು ಒಂದು ವರ್ಷ ಫ್ರೀಮನ್ ಪಟ್ಟಿಯಲ್ಲಿದ್ದು ಮುಂದಿನ ವರ್ಷ ಮುಖ್ಯ ಪಟ್ಟಿಗೆ ಬಂದರೆ ನಡುವೆ ಮದುವೆ ಆಗಿರಬಹುದು ಅಂತ ಲೆಕ್ಕ. ಮದುವೆ ದಾಖಲೆ ಕಳೆದುಹೋದ ಎಷ್ಟೋ ಕಡೆ ಇದೊಂದೇ ಸುಳಿವು.

1798ರ ನೇರ ತೆರಿಗೆ ಪಟ್ಟಿಯನ್ನೂ ಬಿಡಬೇಡಿ. ಪೆನ್ಸಿಲ್ವೇನಿಯಾದ್ದು ಬಹಳಷ್ಟು ಉಳಿದಿದೆ. ಮನೆ ದಿಮ್ಮಿಯದೋ ಕಲ್ಲಿನದೋ, ಎಷ್ಟು ಅಡಿ ಉದ್ದ, ಎಷ್ಟು ಅಡಿ ಅಗಲ, ಕಿಟಕಿ ಎಷ್ಟು, ಗಾಜು ಎಷ್ಟು ಅಂತ ಎಣಿಸಿ ಬರೆದಿದ್ದಾರೆ. ಆ ಒಂದು ಸಾಲು ಓದಿದರೆ ಅವರು ಹೇಗೆ ಬದುಕಿದ್ದರು ಅಂತ ಕಣ್ಣಿಗೆ ಕಟ್ಟುತ್ತದೆ.

ಧಾರವಾಡದ_ಹುಡುಗಿ

ಇದನ್ನೆಲ್ಲ ಓದುತ್ತಾ ನಮ್ಮ ಕಡೆ ಮನೆಗೆ ಬರುವ ಹೆಳವರು ನೆನಪಾದರು. ಎತ್ತಿನ ಮೇಲೆ ಕೂತು ಬಂದು, ನಮ್ಮ ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ಹೆಸರು ಹೇಳಿ, ಯಾವ ಊರಿಂದ ಯಾಕೆ ಎದ್ದು ಬಂದರು ಅನ್ನುವುದನ್ನೂ ಹೇಳಿ, ಹೊಸ ಮಗುವಿನ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಕಡಿ ಪಡೆದು ಹೋಗುತ್ತಾರೆ. ಅಕ್ಕ, ನಿಮ್ಮ ಅತ್ತೆ ಇರುವಾಗಲೇ ಅವರ ಬಾಯಿಂದ ಎಲ್ಲ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾರ ಮದುವೆಗೆ ಯಾರು ಬಂದಿದ್ದರು, ಯಾವ ಹೊಲಕ್ಕೆ ಏನಂತ ಕರೆಯುತ್ತಿದ್ದರು, ಇಂಥ ಸಣ್ಣ ವಿಷಯಗಳೇ ಆಮೇಲೆ ಕೆಲಸಕ್ಕೆ ಬರುತ್ತವೆ. ಮಗಳ ಅಮ್ಮನ ಕಡೆಯದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ, ಅಲ್ವಾ? ಅವಳು ಎರಡೂ ಮನೆಯವಳು.

ಇನ್ನೊಂದು ವಿಷಯ, ನಿಮ್ಮ ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಅದೇ ಪೆನ್ಸಿಲ್ವೇನಿಯಾ ರಾಜ್ಯ ತನ್ನ ವ್ಯಾಪಾರದ ಹಡಗುಗಳ ಕಾವಲಿಗೆ ಅಂತ ಒಂದು ಹಡಗನ್ನು ಸಜ್ಜು ಮಾಡಿತು. ಅದರ ಹೆಸರು 'ಹೈದರ್ ಅಲಿ'! 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಅನ್ನುವ ಕ್ಯಾಪ್ಟನ್ ಅದನ್ನು ನಡೆಸಿ, ತನ್ನದಕ್ಕಿಂತ ಬಲವಾದ 'ಜನರಲ್ ಮಂಕ್' ಅನ್ನುವ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆ ಹಿಡಿದ. ಆಗ ನಮ್ಮ ಹೈದರ್ ಇನ್ನೂ ಬದುಕಿದ್ದ, ಆ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡ. ಬ್ರಿಟಿಷರ ಜೊತೆ ಅಲ್ಲಿ ಕಾದಾಡುತ್ತಿದ್ದವನ ಹೆಸರು ಫಿಲಡೆಲ್ಫಿಯಾದ ಹಡಗುಕಟ್ಟೆಯವರೆಗೂ ಬಂದಿತ್ತು. ನಿಮ್ಮ ಮನೆಯ ಹಿರಿಯರು 'ಕ್ಲಾಸ್ 3'ರಲ್ಲಿ ಇದ್ದದ್ದೂ 1782ರಲ್ಲೇ ಅಲ್ವಾ.

ಮೈಸೂರ್_ಮಲ್ಲಿಗೆ

ಅದಕ್ಕೆ ನನ್ನದೊಂದು ಸೇರಿಕೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ಸೇ ಹತ್ತು ವರ್ಷದ ಮೇಲೆ, 1791ರ ಮಾರ್ಚ್‌ನಲ್ಲಿ, ಬೆಂಗಳೂರು ಕೋಟೆ ಹಿಡಿದದ್ದು. ಮಗಳು ಎರಡೂ ಕಡೆಯ ಚರಿತ್ರೆ ಬರೆಯುವುದಾದರೆ ಆ ಮನುಷ್ಯ ಎರಡು ಅಧ್ಯಾಯದಲ್ಲೂ ಬರುತ್ತಾನೆ.

ಪಿಟ್ಸ್‌ಬರ್ಗ್_ಅಪ್ಪ

ನಾನು ಸ್ವಲ್ಪ ಭಾರವಾದ ವಿಷಯ ಹೇಳಬೇಕು. ನನ್ನ ಹೆಂಡತಿಯ ಮನೆಯವರೂ ಪೆನ್ಸಿಲ್ವೇನಿಯಾದವರೇ, ಆದರೆ ಪಶ್ಚಿಮದ ವಾಷಿಂಗ್ಟನ್ ಕೌಂಟಿ. ಅವರ ಹಿರಿಯರೂ ಮಿಲಿಷಿಯಾದಲ್ಲಿದ್ದರು. ಮಕ್ಕಳಿಗೆ ಹೇಳಲು ಹೆಮ್ಮೆಯ ಕಥೆ ಸಿಗುತ್ತದೆ ಅಂತ ಓದಲು ಕೂತೆ.

1782ರ ಮಾರ್ಚ್ 8. ಡೇವಿಡ್ ವಿಲಿಯಮ್ಸನ್ ನಾಯಕತ್ವದಲ್ಲಿ ಅಲ್ಲಿನ ಮಿಲಿಷಿಯಾದವರು ಈಗಿನ ಓಹಾಯೋದಲ್ಲಿರುವ ನಾಡೆನ್‌ಹುಟನ್ ಅನ್ನುವ ಊರಿನಲ್ಲಿ 96 ಮಂದಿಯನ್ನು ಕೊಂದರು. ಸತ್ತವರು ಲೆನಾಪೆ ಅನ್ನುವ ಅಮೆರಿಕದ ಮೂಲನಿವಾಸಿ ಜನ, ಮೊರೇವಿಯನ್ ಚರ್ಚಿಗೆ ಸೇರಿ ಆಯುಧವನ್ನೇ ಬಿಟ್ಟವರು. ಹಿಂದಿನ ವರ್ಷ ಬಿಟ್ಟುಹೋಗಿದ್ದ ಮೆಕ್ಕೆಜೋಳ ಕೊಯ್ಯಲು ಹಸಿದು ವಾಪಸ್ ಬಂದಿದ್ದರು. ಮಿಲಿಷಿಯಾದವರು ಮತ ಹಾಕಿ ಕೊಲ್ಲಲು ತೀರ್ಮಾನ ಮಾಡಿದರು. 28 ಗಂಡಸರು, 29 ಹೆಂಗಸರು, 39 ಮಕ್ಕಳು. ಯಾರಿಗೂ ಶಿಕ್ಷೆ ಆಗಲಿಲ್ಲ. ಒಪ್ಪದೆ ದೂರ ನಿಂತವರೂ ಆ ಗುಂಪಿನಲ್ಲಿ ಇದ್ದರು.

ಆ ಕೌಂಟಿಯ ಮಿಲಿಷಿಯಾದಲ್ಲಿದ್ದ ಮಾತ್ರಕ್ಕೆ ಅಲ್ಲಿಗೆ ಹೋಗಿದ್ದರು ಅಂತ ಹೇಳಲಾಗದು. ನಮ್ಮವರ ವಿಷಯದಲ್ಲಿ ಹೌದು ಅನ್ನಲೂ ಇಲ್ಲ ಅನ್ನಲೂ ಆಧಾರ ಸಿಕ್ಕಿಲ್ಲ. ಆದರೂ ನಮ್ಮ ವಂಶಾವಳಿಯ ಪುಸ್ತಕದಲ್ಲಿ ಆ ದಿನದ ವಿಷಯವನ್ನು ಒಂದು ಪುಟ ಪೂರ್ತಿ ಬರೆದಿದ್ದೇನೆ. ಆ ಗಡಿ ಪ್ರದೇಶದಲ್ಲಿ ಎರಡೂ ಕಡೆ ದಾಳಿ ನಡೆಯುತ್ತಿತ್ತು, ಬಿಳಿಯರ ಮನೆಗಳೂ ಸುಟ್ಟಿವೆ, ಅದನ್ನೂ ಬರೆದಿದ್ದೇನೆ. ಆದರೆ ಅದು ಆ 39 ಮಕ್ಕಳಿಗೆ ಉತ್ತರ ಆಗುವುದಿಲ್ಲ. ಮಿಲಿಷಿಯಾ ಅಂದ ತಕ್ಷಣ ಸ್ವಾತಂತ್ರ್ಯ ವೀರರು ಅಂತ ಬರೆದು ಮುಗಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಲೆಬನಾನ್_ಸೊಸೆ

ಸರ್, ನೀವು ಇದನ್ನು ಇಲ್ಲಿ ಬರೆದದ್ದು ಒಳ್ಳೆಯದಾಯಿತು. ಮಗಳಿಗೆ ಓದಿ ಹೇಳಿದೆ, ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಕಡೆಯ ಕಂಪನಿಗಳು ಪೂರ್ವದಲ್ಲಿದ್ದವು, ಆದರೂ ಅವರು ಏನು ಮಾಡಿದರು ಅಂತ ತಿಳಿಯುವ ತನಕ ಹೊಗಳುವುದಿಲ್ಲ ಅಂತ ಅವಳೇ ಹೇಳಿದಳು.

ತೆರಿಗೆ ಪಟ್ಟಿ ನೋಡುತ್ತಿದ್ದೇನೆ. ಕೆಲವರ ಹೆಸರಿನ ಮುಂದೆ ಕುದುರೆ, ದನದ ಜೊತೆ ಗುಲಾಮರ ಸಂಖ್ಯೆಯನ್ನೂ ಬರೆದಿದ್ದಾರೆ. ಒಂದೇ ಸಾಲಿನಲ್ಲಿ. ಕಣ್ಣಿಗೆ ರಾಚುತ್ತದೆ. ನಮ್ಮವರ ಮುಂದೆ ಆ ಕಲಂ ಖಾಲಿ ಇದೆ, ಪಕ್ಕದ ಕ್ಯಾಪ್ಟನ್ ಮುಂದೆ ಖಾಲಿ ಇಲ್ಲ.

ಹಳೇಕಾಗದ

ಹೌದು. 1780ರ ಮಾರ್ಚ್ 1ರಂದು ಪೆನ್ಸಿಲ್ವೇನಿಯಾ ಗುಲಾಮಗಿರಿಯನ್ನು ನಿಧಾನವಾಗಿ ಮುಗಿಸುವ ಕಾನೂನು ತಂದಿತು. ಆಗಲೇ ಗುಲಾಮರಾಗಿದ್ದವರಿಗೆ ಬಿಡುಗಡೆ ಇಲ್ಲ, ಆಮೇಲೆ ಹುಟ್ಟಿದ ಮಕ್ಕಳೂ 28 ವರ್ಷ ದುಡಿಯಬೇಕಿತ್ತು. ಒಡೆಯರು ತಮ್ಮಲ್ಲಿದ್ದವರ ಹೆಸರನ್ನು ಆ ವರ್ಷದ ನವೆಂಬರ್ 1ರೊಳಗೆ ಕೌಂಟಿಯಲ್ಲಿ ಬರೆಸಬೇಕಿತ್ತು. ಆ ನೋಂದಣಿ ಇವತ್ತು ಕಪ್ಪು ಜನರ ವಂಶ ಹುಡುಕುವವರಿಗೆ ಬಹಳ ಬೆಲೆಯ ಕಾಗದ, ಯಾಕೆಂದರೆ 1790ರ ಗಣತಿಯಲ್ಲಿ ಗುಲಾಮರ ಹೆಸರೇ ಇಲ್ಲ, ಬರೀ ಸಂಖ್ಯೆ. ನಿಮ್ಮ ಕಂಪನಿಯ ಪಟ್ಟಿ ಮಾಡುವಾಗ ಇಂಥ ಹೆಸರು ಸಿಕ್ಕರೆ ಅದನ್ನೂ ಬರೆದಿಡಿ. ಆ ನೆರೆಹೊರೆಯಲ್ಲಿ ಅವರೂ ಇದ್ದರು, ಯಾರಾದರೂ ಅವರನ್ನು ಹುಡುಕುತ್ತಿರುತ್ತಾರೆ.

ಕೆರೊಲಿನಾ_ಕನ್ನಡಿಗ

ನಿಮ್ಮವರಿಗೆ ಪಿಂಚಣಿ ಕಡತ ಇಲ್ಲದಿದ್ದರೆ ಏನಂತೆ, ಅದೇ ಕಂಪನಿಯಲ್ಲಿದ್ದು 1832ರ ತನಕ ಬದುಕಿದ್ದ ಚಿಕ್ಕ ವಯಸ್ಸಿನವರ ಕಡತ ಓದಿ. ನಾನು ದಕ್ಷಿಣದ ಕಡತಗಳನ್ನು ತುಂಬಾ ಓದಿದ್ದೇನೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರವಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸುಮಾರು 80,000 ಕಡತ ಇವೆ. ಫ್ಯಾಮಿಲಿಸರ್ಚ್ ಅನ್ನುವ ವಂಶ ಹುಡುಕುವ ವೆಬ್‌ಸೈಟಿನಲ್ಲಿ ಪುಕ್ಕಟೆ ಖಾತೆ ತೆರೆದರೆ ಸಾಕು. ಕಡತದ ನಂಬರಿನ ಮೊದಲ ಅಕ್ಷರ ನೋಡಿ: ಎಸ್ ಅಂದರೆ ಸೈನಿಕನದು, ಡಬ್ಲ್ಯೂ ಅಂದರೆ ವಿಧವೆಯದು, ಆರ್ ಅಂದರೆ ತಿರಸ್ಕಾರ ಆದದ್ದು. ಆರ್ ಅಂತ ನೋಡಿ ಬಿಟ್ಟುಬಿಡಬೇಡಿ. 6 ತಿಂಗಳು ತುಂಬಲಿಲ್ಲ ಅಂತ ತಳ್ಳಿಹಾಕಿದ ಅರ್ಜಿಯಲ್ಲೂ ಇಡೀ ಕಥೆ ಇರುತ್ತದೆ, ಕೆಲವು ಸಲ ಇನ್ನೂ ಜಾಸ್ತಿ ಇರುತ್ತದೆ, ಪಾಪ, ನಂಬಿಸಲು ಮತ್ತೆ ಮತ್ತೆ ಬರೆಸಿರುತ್ತಾರೆ.

1832ರ ಅರ್ಜಿದಾರರಿಗೆ ಕೋರ್ಟಿನಲ್ಲಿ ಗೊತ್ತುಮಾಡಿದ 7 ಪ್ರಶ್ನೆ ಕೇಳುತ್ತಿದ್ದರು. ಎಲ್ಲಿ, ಯಾವ ವರ್ಷ ಹುಟ್ಟಿದೆ? ವಯಸ್ಸಿಗೆ ದಾಖಲೆ ಇದೆಯಾ, ಎಲ್ಲಿದೆ? ಕರೆ ಬಂದಾಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ವಾಸ ಮಾಡಿದೆ? ತಾನಾಗಿ ಹೋದದ್ದೋ, ಕರೆಸಿಕೊಂಡದ್ದೋ, ಬದಲಿಯಾಗಿ ಹೋದದ್ದೋ, ಯಾರ ಬದಲಿಗೆ? ಜೊತೆಗಿದ್ದ ಅಧಿಕಾರಿಗಳು ಯಾರು? ಬಿಡುಗಡೆ ಪತ್ರ ಸಿಕ್ಕಿತ್ತಾ? ನಿನ್ನನ್ನು ಬಲ್ಲವರು ಈಗ ಊರಿನಲ್ಲಿ ಯಾರಿದ್ದಾರೆ? ಎಪ್ಪತ್ತು, ಎಂಬತ್ತು ದಾಟಿದ ಮುದುಕರು ಇದಕ್ಕೆಲ್ಲ ಉತ್ತರ ಹೇಳಿ, ಬರೆಯಲು ಬಾರದಿದ್ದರೆ ಕೆಳಗೆ ಒಂದು ಅಡ್ಡಗೆರೆ ಮೇಲೊಂದು ಉದ್ದಗೆರೆ ಎಳೆದಿದ್ದಾರೆ. ನಾನು ಓದಿದ ಒಂದು ಕಡತದಲ್ಲಿ ಮುದುಕರು ನಾಲ್ಕನೇ ಪ್ರಶ್ನೆಗೆ, ಅಪ್ಪನ ಬದಲಿಗೆ ಹೋದೆ, ಅಪ್ಪನಿಗೆ ಕಾಲು ನೋವಿತ್ತು ಅಂತ ಹೇಳಿದ್ದಾರೆ. ಒಂದೇ ವಾಕ್ಯದಲ್ಲಿ ಎರಡು ತಲೆಮಾರು ಸಿಕ್ಕಿತು.

ವಿಧವೆಯರ ಕಡತ ಇನ್ನೂ ಶ್ರೀಮಂತ. ಮದುವೆಗೆ ಸಾಕ್ಷಿ ಕೇಳಿದಾಗ ಮನೆಯ ಬೈಬಲ್‌ನಲ್ಲಿ ಹುಟ್ಟುಸಾವು ಬರೆದಿದ್ದ ಹಾಳೆಯನ್ನೇ ಹರಿದು ವಾಷಿಂಗ್ಟನ್‌ಗೆ ಕಳಿಸಿದ್ದಾರೆ. ಅದು ಇನ್ನೂ ಅಲ್ಲೇ ಇದೆ. ಜರ್ಮನ್ ಮನೆಗಳವರು ಬಣ್ಣದ ಹೂವು, ಹಕ್ಕಿ ಬರೆದ ಜ್ಞಾನಸ್ನಾನದ ಪತ್ರಗಳನ್ನು ಕಳಿಸಿದ್ದಾರೆ. ಎಷ್ಟೋ ಮನೆಗಳಲ್ಲಿ ಬೈಬಲ್ ಇದೆ, ಆ ಹಾಳೆ ಮಾತ್ರ ಇಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಧಾರವಾಡದ_ಹುಡುಗಿ

ಅಯ್ಯೋ, ಆ ಹಾಳೆಯ ವಿಷಯ ಓದಿ ಹೊಟ್ಟೆ ಚುರ್ ಅಂದಿತು. ಆ ಬರವಣಿಗೆ ಓದುವುದು ಕಷ್ಟ ಅನ್ನುವವರಿಗೆ ಒಂದು ಮಾತು: ನ್ಯಾಷನಲ್ ಆರ್ಕೈವ್ಸ್ ಮತ್ತು ನ್ಯಾಷನಲ್ ಪಾರ್ಕ್ ಸರ್ವೀಸ್ ಸೇರಿ ಈ ಕಡತಗಳನ್ನು ಟೈಪ್ ಮಾಡಿಸುವ ಕೆಲಸವನ್ನು 2023ರಿಂದ ನಡೆಸುತ್ತಿವೆ. ಯಾರು ಬೇಕಾದರೂ ಮನೆಯಲ್ಲೇ ಕೂತು ಒಂದೊಂದು ಪುಟ ಮಾಡಿಕೊಡಬಹುದು. ನಾನೂ ಮಾಡುತ್ತೇನೆ. ಹತ್ತಿಪ್ಪತ್ತು ಪುಟ ಆಗುವ ಹೊತ್ತಿಗೆ ಆ ಕೈಬರಹ ತಾನಾಗಿ ಕಣ್ಣಿಗೆ ಹೊಂದಿಕೊಳ್ಳುತ್ತದೆ.

ಸ್ಯಾನ್ಹೋಸೆ_ವಿಜಯ

ಒಂದು ನೇರ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಕೊನೆಗೆ ಇದೆಲ್ಲ ಆ ಡಿಎಆರ್ ಸಂಘಕ್ಕೆ (ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್, ಸ್ವಾತಂತ್ರ್ಯ ಯುದ್ಧದಲ್ಲಿ ನೆರವಾದವರ ವಂಶದ ಹೆಂಗಸರ ಸಂಘ) ಸೇರಲಾ? 1939ರಲ್ಲಿ ಮೇರಿಯನ್ ಆಂಡರ್ಸನ್ ಅವರಂಥ ಗಾಯಕಿಗೆ ಕಪ್ಪು ಹೆಂಗಸು ಅಂತ ತಮ್ಮ ಸಭಾಂಗಣ ಕೊಡದವರು ಅವರು. ಆಗಿನ ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಅದಕ್ಕೇ ರಾಜೀನಾಮೆ ಕೊಟ್ಟರು. ನಮ್ಮ ಮಕ್ಕಳು ಅಲ್ಲಿಗೆ ಯಾಕೆ ಹೋಗಬೇಕು?

ಹಳೇಕಾಗದ

ಕೇಳಬೇಕಾದ ಪ್ರಶ್ನೆಯೇ. ನಡೆದದ್ದು ನಡೆದಿದೆ, ಅದನ್ನು ಯಾರೂ ಮುಚ್ಚಬಾರದು. ಅದರ ಮುಂದಿನ ಕಥೆಯನ್ನೂ ಹೇಳುತ್ತೇನೆ. 1977ರಲ್ಲಿ ಡೆಟ್ರಾಯಿಟ್‌ನ ಕ್ಯಾರೆನ್ ಬ್ಯಾಚಲರ್ ಅನ್ನುವವರು ಆ ಸಂಘಕ್ಕೆ ಸೇರಿದರು, ಅಲ್ಲಿ ಸದಸ್ಯೆಯಾದ ಮೊದಲ ಕಪ್ಪು ಮಹಿಳೆ ಅಂತ ಅವರನ್ನು ಗುರುತಿಸುತ್ತಾರೆ. ಅವರು ತೋರಿಸಿದ ಹಿರಿಯರು ವಿಲಿಯಂ ಹುಡ್, ಪೆನ್ಸಿಲ್ವೇನಿಯಾದ ಮಿಲಿಷಿಯಾದವರು, ಫ್ರೀಲ್ಯಾಂಡ್ ಕೋಟೆಯನ್ನು ಕಾಯಲು ನಿಂತವರು. ಬರೀ ಕಾಗದದ ಬಲದಿಂದ ಆ ಬಾಗಿಲು ತೆಗೆಸಿದರು. ಈಗ 18 ದಾಟಿದ ಯಾವ ಹೆಣ್ಣುಮಗಳಾದರೂ, ಯಾವ ಜನಾಂಗದವಳಾದರೂ, ರಕ್ತಸಂಬಂಧ ತೋರಿಸಿದರೆ ಸೇರಬಹುದು. ಸೇರುವುದು ಬಿಡುವುದು ಆ ಹುಡುಗಿಗೆ ಬಿಟ್ಟದ್ದು.

ಸೇರದಿದ್ದರೂ ಅವರ ವೆಬ್‌ಸೈಟಿನ ಹುಡುಕುವ ಪುಟ ಎಲ್ಲರಿಗೂ ತೆರೆದಿದೆ, ಉಪಯೋಗಿಸಿ. ಆದರೆ ಹಳೆಯ ಅರ್ಜಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಆಗ ಇಷ್ಟೊಂದು ಪುರಾವೆ ಕೇಳುತ್ತಿರಲಿಲ್ಲ. ಒಂದೇ ಹೆಸರಿನ ಇಬ್ಬರ ಸೇವೆಯನ್ನು ಒಬ್ಬರ ತಲೆಗೆ ಕಟ್ಟಿರುವುದು ಬೇಕಾದಷ್ಟು ಇದೆ. ಅಂಥ ಕಡೆ ಈಗ ಅವರೇ ಎಚ್ಚರಿಕೆ ಹಾಕಿದ್ದಾರೆ. ನಿಮ್ಮ ಸಮಾಧಿಯ ಪಕ್ಕದ ಕಂಚಿನ ಗುರುತೂ ಹಾಗೇ, ಅದು ಸುಳಿವು, ಸಾಕ್ಷಿ ಅಲ್ಲ.

ಇನ್ನೊಂದು, ಬಂದೂಕು ಹಿಡಿದವರನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1777ರ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ 18 ದಾಟಿದ ಬಿಳಿಯ ಗಂಡಸರೆಲ್ಲ ರಾಜನನ್ನು ಬಿಟ್ಟು ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂತ ಕಾನೂನಾಯಿತು. ಆ ಪ್ರಮಾಣ ಮಾಡಿದವರು, ಸೈನ್ಯಕ್ಕೆ ಗೋಧಿ, ಕುದುರೆ ಕೊಟ್ಟವರು, ಇವರನ್ನೂ ಒಪ್ಪುತ್ತಾರೆ. ಅಂಥ ಪಟ್ಟಿಗಳಲ್ಲಿ ಹೆಂಗಸರ ಹೆಸರೂ ಸಿಗುತ್ತದೆ.

ಲೆಬನಾನ್_ಸೊಸೆ

ನಮಸ್ಕಾರ, ಬಹಳ ದಿನ ಆಯಿತು. ನೀವೆಲ್ಲ ಹೇಳಿದ ದಾರಿಯಲ್ಲೇ ಹೋದೆವು, ತುಂಬಾ ಸಿಕ್ಕಿದೆ.

ಮೊದಲು ಮೂವರನ್ನು ಬೇರೆ ಮಾಡಿದ್ದು. ಒಬ್ಬರು ಗಿರಣಿಯವರು, ಪ್ರತಿ ತೆರಿಗೆ ಪಟ್ಟಿಯಲ್ಲೂ ಅವರ ಹೆಸರಿನ ಮುಂದೆ ಹಿಟ್ಟಿನ ಗಿರಣಿ ಇದೆ, ಬೇರೆ ಟೌನ್‌ಶಿಪ್. ಎರಡನೆಯವರು ಮೆನೊನೈಟ್, ಅವರ ಹೆಸರು ದಂಡ ಕಟ್ಟಿದವರ ಪಟ್ಟಿಯಲ್ಲಿ ಸಿಕ್ಕಿತು. ಹಾಗಾಗಿ ಮೂರನೆಯವರು ನಮ್ಮವರು, 1779ರ ಪಟ್ಟಿಯಲ್ಲಿ ಫ್ರೀಮನ್, 1782ರದ್ದರಲ್ಲಿ 100 ಎಕರೆ, 2 ಕುದುರೆ, 3 ದನ. ಆ ನಡುವೆ ಮದುವೆ ಆಗಿರಬೇಕು.

ಆಮೇಲೆ ಅದೇ ಕಂಪನಿಯಲ್ಲಿದ್ದ ಒಬ್ಬರ ಪಿಂಚಣಿ ಅರ್ಜಿ. ಆರ್ ಅಕ್ಷರದ ಕಡತ, ತಿರಸ್ಕಾರ ಆದದ್ದೇ! ತಾವು ಲೆಬನಾನ್‌ನಲ್ಲಿ ಎರಡು ತಿಂಗಳು ಹೆಸ್ಸಿಯನ್ (ಬ್ರಿಟಿಷರ ಪರ ಹೋರಾಡಿದ ಜರ್ಮನ್ ಸಿಪಾಯಿಗಳು) ಕೈದಿಗಳನ್ನು ಕಾಯುತ್ತಿದ್ದೆವು ಅಂತ ಹೇಳಿದ್ದಾರೆ. ಓದಿದ ಮೇಲೆ ಆ ವಿಷಯವನ್ನೂ ಹುಡುಕಿದೆವು. 1776ರ ಡಿಸೆಂಬರ್ 26ರಂದು ಟ್ರೆಂಟನ್‌ನಲ್ಲಿ ವಾಷಿಂಗ್ಟನ್ ಸುಮಾರು 900 ಹೆಸ್ಸಿಯನ್ನರನ್ನು ಸೆರೆ ಹಿಡಿದ ಮೇಲೆ, ಆ ಜರ್ಮನ್ ಸಿಪಾಯಿಗಳನ್ನು ಪೆನ್ಸಿಲ್ವೇನಿಯಾದ ಜರ್ಮನ್ ಊರುಗಳಿಗೇ ಕಳಿಸಿದರು. ಲೆಬನಾನ್ ಪಕ್ಕದ ಹೆಬ್ರಾನ್‌ನಲ್ಲಿ ಮೊರೇವಿಯನ್ ಚರ್ಚಿನ ಕಟ್ಟಡದಲ್ಲೇ ಕೆಲವರನ್ನು ಇಟ್ಟಿದ್ದರು. ಕಾಯುವವರ ಮಾತೂ ಕೈದಿಗಳ ಮಾತೂ ಒಂದೇ. ಅತ್ತೆಗೆ ಹೇಳಿದಾಗ ಅವರು, ನಮ್ಮಜ್ಜಿ ಹೆಸ್ಸಿಯನ್ನರಿಗೆ ರೊಟ್ಟಿ ಕೊಡುತ್ತಿದ್ದ ಕಥೆ ಹೇಳುತ್ತಿದ್ದರು, ನಾನು ಅದನ್ನು ಸುಮ್ನೆ ಕಥೆ ಅಂದುಕೊಂಡಿದ್ದೆ ಅಂದರು. ಅದನ್ನೂ ರೆಕಾರ್ಡ್ ಮಾಡಿಕೊಂಡೆವು.

ನಮ್ಮವರು ಆ ಕಾವಲಿಗೆ ಹೋಗಿದ್ದರು ಅನ್ನಲು ಇನ್ನೂ ಕಾಗದ ಸಿಕ್ಕಿಲ್ಲ, ಹಾಗಾಗಿ ಹೋಗಿದ್ದರು ಅಂತ ಬರೆದಿಲ್ಲ. ಆದರೆ ಆ ಅರ್ಜಿಯಲ್ಲಿ ಸಾಕ್ಷಿ ಹೇಳಿದ ಇನ್ನೊಬ್ಬರು ಇವರನ್ನು ಹೆಸರು ಹಿಡಿದು ತಮ್ಮ ಭಾವ ಅಂದಿದ್ದಾರೆ, ನಮ್ಮ ಅಕ್ಕ ಬಾರ್ಬರಾಳ ಗಂಡ ಅಂತ. ಆ ಒಂದು ಮಾತಿನಿಂದ ಅಜ್ಜಿಯ ತವರು ಸಿಕ್ಕಿತು. ತವರಿನ ಹೆಸರು ಹಿಡಿದು ಹ್ಯಾರಿಸ್‌ಬರ್ಗ್‌ನ ಕೋರ್ಟಿಗೆ ಹೋದರೆ ಅಲ್ಲಿ ಅವಳ ಅಪ್ಪನ ಆಸ್ತಿ ಹಂಚಿದ ಕಾಗದ ಇತ್ತು, ಮಕ್ಕಳ ಹೆಸರು, ಅಳಿಯಂದಿರ ಹೆಸರು, ಎಲ್ಲ ಸಾಲಾಗಿ. ಬಾರ್ಬರಾಳ ಗುರುತು ಒಂದು ಸಣ್ಣ ಅಡ್ಡಗೆರೆ. ಮಗಳು ಅದರ ಮೇಲೆ ಬೆರಳಿಡಲು ಹೋಗಿ, ಮುಟ್ಟಬಾರದು ಅಂತ ನೆನಪಾಗಿ ಕೈ ಹಿಂದೆ ತೆಗೆದುಕೊಂಡಳು.

ಈಗ ಉಳಿದಿರುವುದು ಮಕ್ಕಳ ವಿಷಯ. ಚರ್ಚಿನ ಜ್ಞಾನಸ್ನಾನದ ಪುಸ್ತಕ ಜರ್ಮನ್ ಹಳೆ ಕೈಬರಹದಲ್ಲಿದೆ. ಗಂಡುಮಕ್ಕಳೆಲ್ಲ ಯೊಹಾನ್ ಏನೋ, ಯೊಹಾನ್ ಇನ್ನೇನೋ! ಒಬ್ಬನೇ ಮಗನಾ, ಐವರಾ ತಿಳಿಯುತ್ತಿಲ್ಲ. ಯಾರಾದರೂ ಓದಬಲ್ಲವರು ಇದ್ದೀರಾ?

ಹಳೇಕಾಗದ

ಅಕ್ಕ, ಓದಿ ತುಂಬಾ ಸಂತೋಷ ಆಯಿತು. ಅವರಲ್ಲಿ ಯೊಹಾನ್ ಅನ್ನುವುದನ್ನು ಎಲ್ಲ ಗಂಡುಮಕ್ಕಳಿಗೂ ಮೊದಲು ಸೇರಿಸುತ್ತಿದ್ದರು, ಮನೆಯಲ್ಲಿ ಕರೆಯುತ್ತಿದ್ದದ್ದು ಎರಡನೇ ಹೆಸರು. ಯೊಹಾನ್ ಗೆಯೋರ್ಗ್ ಆಮೇಲೆ ತೆರಿಗೆ ಪಟ್ಟಿಯಲ್ಲಿ ಜಾರ್ಜ್ ಆಗಿರುತ್ತಾನೆ, ಯೊಹಾನ್ ಆಡಂ ಬರೀ ಆಡಂ ಆಗಿರುತ್ತಾನೆ. ಹಾಗಾಗಿ ಐವರೇ ಇರಬೇಕು. ಪ್ರತಿ ಮಗುವಿನ ಸಾಲಿನ ಕೊನೆಯಲ್ಲಿ ಸಾಕ್ಷಿಗಳ ಹೆಸರು ಇರುತ್ತದೆ, ಬಾರ್ಬರಾಳ ತವರಿನ ಹೆಸರು ಅಲ್ಲಿ ಬಂದರೆ ಅದು ನಿಮ್ಮದೇ ಮನೆಯ ಮಗು ಅಂತ ಗಟ್ಟಿಯಾಗುತ್ತದೆ.

ಪುಟಗಳ ಫೋಟೊ ಕಳಿಸಿ. ನೇರ ಬೆಳಕು ಬೇಡ, ಕಿಟಕಿ ಪಕ್ಕದಲ್ಲಿಟ್ಟು ತೆಗೆಯಿರಿ. ಸಾಕ್ಷಿಗಳ ಕಲಂ ಪೂರ್ತಿ ಬರಬೇಕು, ಅಂಚು ಕತ್ತರಿಸಬೇಡಿ. ನಮ್ಮ ಸಂಘದಲ್ಲಿ ಆ ಲಿಪಿ ಓದುವವರೊಬ್ಬರು ಇದ್ದಾರೆ, ಗುರುವಾರ ಬರುತ್ತಾರೆ, ತೋರಿಸುತ್ತೇನೆ.

ಲೆಬನಾನ್_ಸೊಸೆ

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪುಸ್ತಕ ತೆಗೆದುಕೊಡುತ್ತೇವೆ ಅಂದಿದ್ದಾರೆ. ಆ ದಿನ ಸಂಜೆಯೇ ಕಳಿಸುತ್ತೇನೆ. 1780ರಿಂದ 1800ರ ತನಕದ ಪುಟ ಸಾಕಾ, ಅಥವಾ ಮೊದಲಿನದೂ ಬೇಕಾ?

ಹಳೇಕಾಗದ

1750ರಿಂದ ತೆಗೆಯಿರಿ. ಅವರಿಬ್ಬರೂ ಹುಟ್ಟಿದ್ದೂ ಅದೇ ಪುಸ್ತಕದಲ್ಲಿ ಇರಬಹುದು. ಅಲ್ಲಿ ಸಿಗದಿದ್ದರೆ ಜಾನ್ ಕ್ಯಾಸ್ಪರ್ ಸ್ಟೋವರ್ ಅನ್ನುವ ಪಾದ್ರಿಯ ದಾಖಲೆ ನೋಡೋಣ, ಅವರು 1779ರಲ್ಲಿ ತೀರಿಕೊಳ್ಳುವ ತನಕ ನಿಮ್ಮ ಸುತ್ತಿನ ಊರುಗಳಲ್ಲೇ ಓಡಾಡುತ್ತಾ ಮದುವೆ, ಜ್ಞಾನಸ್ನಾನ ಮಾಡಿಸಿದವರು. ಅವರ ಪುಸ್ತಕ ಇಂಗ್ಲಿಷ್‌ನಲ್ಲಿ ಅಚ್ಚಾಗಿದೆ, ಅದನ್ನು ನೀವೇ ಓದಿಕೊಳ್ಳಬಹುದು.